ಜೋಗ ಕಂಡವರು ಕೆಸರನ್ನೂ ಕಾಣಬೇಕು

ಡಿಸೆಂಬರ್ ತಿಂಗಳು ಬಂದಿತೆಂದರೆ ನಮ್ಮ ನಾಡಿನ ಶಾಲೆ ಕಾಲೇಜುಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಪ್ರವಾಸವೆಂದ ಮೇಲೆ ಜೋಗವಿಲ್ಲದೆ ಅದು ಪೂರ್ಣವಾಗುವಂತಿಲ್ಲ. ಶರಾವತಿ ನದಿಯು 253 ಮೀಟರು ಎತ್ತರದಿಂದ ಧುಮುಕುವ ಜಾಗವನ್ನು ನೋಡಿ, ಘಟ್ಟವಿಳಿದು, ಹೊನ್ನಾವರವನ್ನು ಹಾದು, ಮುರುಡೇಶ್ವರದಲ್ಲಿ ಸಮುದ್ರಸ್ನಾನ ಮಾಡಿ ಹಿಂದಿರುಗುವುದು ಬಹುಕಾಲದಿಂದ ನಡೆದು ಬಂದಿರುವ ವಾಡಿಕೆ. ಈ ವಾಡಿಕೆಯ ಮೇಲೆ ನಮಗೆ ಯಾವ ದ್ವೇಷವೂ ಇಲ್ಲ. ಜೋಗವನ್ನು ನೋಡಿ ಬೆರಗಾಗದ ಮನಸ್ಸು ವಿಜ್ಞಾನಕ್ಕೂ ಒಗ್ಗದು, ಕಾವ್ಯಕ್ಕೂ ಒಗ್ಗದು. ಆದರೆ ಅದೇ ನದಿ, ಅದೇ ದಾರಿಯ ಕೊನೆಯಲ್ಲಿ, ಸಮುದ್ರವನ್ನು ಸೇರುವ ಎಡೆಯಲ್ಲಿ ಇನ್ನೊಂದು ನೋಟವನ್ನು ನಮಗಾಗಿ ತೆರೆದಿಟ್ಟಿದೆ. ಅಲ್ಲಿ ಭೋರ್ಗರೆತವಿಲ್ಲ, ಎತ್ತರವಿಲ್ಲ. ಇರುವುದು ಕೆಸರು, ಉಪ್ಪುನೀರು, ಆ ಕೆಸರಿನಲ್ಲಿ ನಿಂತ ಗಿಡಮರಗಳು, ಅವುಗಳ ನಡುವೆ ಹಾಯುವ ಹಲಗೆಯ ದಾರಿ, ಇಷ್ಟೇ. ಅದನ್ನು ನೋಡದೆ ಬರುವುದು ಪುಸ್ತಕದ ಮೊದಲ ಅಧ್ಯಾಯವನ್ನು ಓದಿ ಮುಚ್ಚಿಟ್ಟಂತೆ ಎಂಬುದು ನಮ್ಮ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾವು ಬಂದುದು ನಮ್ಮದೇ ಒಂದು ತಪ್ಪಿನ ಮೂಲಕವಾದುದರಿಂದ ಮೊದಲು ಆ ತಪ್ಪನ್ನೇ ಹೇಳುವುದು ಲೇಸು.

2022ರ ಡಿಸೆಂಬರಿನಲ್ಲಿ ನಾವು ಬಯಲುಸೀಮೆಯ ಕಾಲೇಜೊಂದರಿಂದ ಬಿ.ಎಸ್‌ಸಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಇದೇ ದಾರಿಯಲ್ಲಿ ಹೊರಟಿದ್ದೆವು. ಹೊನ್ನಾವರದಿಂದ ಶರಾವತಿಯ ಸೇತುವೆಯನ್ನು ದಾಟಿ ಕಾಸರಕೋಡಿನ ಕಡೆಗೆ ತಿರುಗಿದರೆ, ಅಳಿವೆಯ ಕಾಂಡ್ಲ ಕಾಡಿನೊಳಗೆ ಹಲಗೆಗಳನ್ನು ಹಾಸಿ ಮಾಡಿದ ಕಾಲುದಾರಿ ಸಿಕ್ಕುತ್ತದೆ. ಇಂಗ್ಲಿಷಿನಲ್ಲಿ ಮ್ಯಾಂಗ್ರೋವ್ ಎಂದು ಕರೆಯುವ ಗಿಡಮರಗಳಿಗೆ ಈ ಕರಾವಳಿಯ ಜನ ಇಟ್ಟ ಹೆಸರು ಕಾಂಡ್ಲ. ಇದು ಹಳ್ಳಿಯ ಮಾತೆಂದು ಯಾರೂ ಹಗುರಾಗಿ ಎಣಿಸಬಾರದು. ಮಲೆಯಾಳದಲ್ಲಿ ಇದೇ ಮಾತು ಕಂಡಲ್ ಎಂದಿದೆ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಮಹಾಗ್ರಂಥದ ಮೂಲಕ ಅದು ಯೂರೋಪನ್ನು ಸೇರಿ, ಇಂದು ಕಾಂಡ್ಲಗಳ ಒಂದು ಕುಲಕ್ಕೆ ಕ್ಯಾಂಡೇಲಿಯ ಎಂಬ ಶಾಸ್ತ್ರೀಯ ನಾಮವಾಗಿ ನೆಲೆಸಿದೆ.

ದಾರಿ ಬಹಳ ಚಿಕ್ಕದು. ಏರಿಲ್ಲ, ಇಳಿತವಿಲ್ಲ, ಮುಳ್ಳಿಲ್ಲ, ಎಡವುವ ಕಲ್ಲಿಲ್ಲ. ಸಾವಧಾನವಾಗಿ ನಡೆದರೂ ಅರ್ಧ ಗಂಟೆಗೆ ಮುಗಿಯುತ್ತದೆ. ನಾವಾದರೋ ಹತ್ತೇ ನಿಮಿಷದಲ್ಲಿ ಮುಗಿಸುವ ಆತುರದಲ್ಲಿದ್ದೆವು. ಮುಂದಿನ ಊರು ಕಾಯುತ್ತಿತ್ತು, ಬಸ್ಸಿನವನು ಎರಡು ಬಾರಿ ಕೂಗಿದ್ದನು. ವಿದ್ಯಾರ್ಥಿಗಳು ಓಡುತ್ತ ಹೋಗಿ, ಭಾವಚಿತ್ರ ತೆಗೆಸಿಕೊಂಡು, ಕೆಸರಿನ ನಾತಕ್ಕೆ ಮೂಗು ಮುಚ್ಚಿಕೊಂಡು ಹಿಂದಿರುಗುತ್ತಿದ್ದರು. ಒಬ್ಬ ವಿದ್ಯಾರ್ಥಿನಿ ಮಾತ್ರ ಹಲಗೆಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ನಾವು ಹತ್ತಿರ ಹೋದಾಗ ಆಕೆ ಕೇಳಿದ ಮಾತು ಇದು:

“ಸಾರ್, ಈ ಮರ ನಿಂತಿರುವುದು ಉಪ್ಪುನೀರಿನಲ್ಲಿ. ಉಪ್ಪುನೀರು ಕುಡಿದರೆ ನಮಗೆ ಬಾಯಾರಿಕೆ ಹೆಚ್ಚುತ್ತದೆ. ಇದಕ್ಕೆ ಬಾಯಾರುವುದಿಲ್ಲವೆ?”

ನಾವು ಕೊಟ್ಟ ಉತ್ತರವನ್ನು ಬರೆಯಲು ಈಗಲೂ ಸಂಕೋಚವಾಗುತ್ತದೆ. “ಅದನ್ನು ಸಸ್ಯಶಾಸ್ತ್ರದವರನ್ನು ಕೇಳಬೇಕಮ್ಮ. ಬೇಗ ನಡೆ, ಬಸ್ಸು ಹೊರಡುತ್ತದೆ” ಎಂದೆವು. ಆಕೆ “ಆಗಲಿ ಸಾರ್” ಎಂದು ನಡೆದುಬಿಟ್ಟಳು.

ಅಂದು ರಾತ್ರಿ ಬಸ್ಸಿನಲ್ಲಿ ನಮಗೆ ನಿದ್ರೆ ಹತ್ತಲಿಲ್ಲ. ಪ್ರತಿ ವರ್ಷವೂ ತರಗತಿಯಲ್ಲಿ ನಾವು ಜೋಗದ ಮೇಲೊಂದು ಲೆಕ್ಕವನ್ನು ಕೊಡುವುದುಂಟು: ಇಷ್ಟು ಎತ್ತರದಿಂದ ಬಿದ್ದ ನೀರಿನ ಶಕ್ತಿಯೆಲ್ಲವೂ ಉಷ್ಣವಾಗಿ ನೀರಿನಲ್ಲಿಯೇ ಉಳಿದರೆ ಅದರ ತಾಪ ಎಷ್ಟು ಏರಬೇಕು? ಉತ್ತರ ಸುಮಾರು 0.6 ಡಿಗ್ರಿ. ಈ ಲೆಕ್ಕವನ್ನು ಭೌತಶಾಸ್ತ್ರವೆಂದು ಒಪ್ಪಿಕೊಂಡವರು, ಮರ ನೀರು ಕುಡಿಯುವ ಲೆಕ್ಕವನ್ನು ನಮ್ಮದಲ್ಲವೆಂದು ತಳ್ಳಿದುದು ಯಾವ ನ್ಯಾಯ? ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ಪರಾಸರಣದ ಪ್ರಶ್ನೆ, ಒತ್ತಡದ ಪ್ರಶ್ನೆ, ಬಾಷ್ಪೀಭವನದ ಪ್ರಶ್ನೆ. ಮೂರೂ ನಮ್ಮ ಪಠ್ಯದೊಳಗಿನವೇ. ಪ್ರಕೃತಿಯಲ್ಲಿ ಇಲಾಖೆಗಳಿಲ್ಲ. ಇಲಾಖೆಗಳಿರುವುದು ಕಾಲೇಜಿನಲ್ಲಿ, ಅದೂ ವೇಳಾಪಟ್ಟಿಯ ಅನುಕೂಲಕ್ಕಾಗಿ. ಇದನ್ನು ಮರೆತ ಅಧ್ಯಾಪಕನು ವಿದ್ಯಾರ್ಥಿಯ ಬಾಯನ್ನು ಮುಚ್ಚಿಸುತ್ತಾನಲ್ಲದೆ ಬೇರೇನನ್ನೂ ಮಾಡುವುದಿಲ್ಲ.

ಊರಿಗೆ ಬಂದ ಮೇಲೆ ಆ ಲೆಕ್ಕವನ್ನು ಮಾಡಿ ನೋಡಿದೆವು. ವಾಚಕರೂ ನಮ್ಮೊಡನೆ ಮಾಡಬಹುದು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಸಿಹಿನೀರನ್ನೂ ಇಂತಹ ಉಪ್ಪುನೀರನ್ನೂ ಒಂದು ತೆಳುಪೊರೆಯ ಎರಡು ಪಕ್ಕಗಳಲ್ಲಿಟ್ಟು, ಆ ಪೊರೆಯು ನೀರನ್ನು ಮಾತ್ರ ಬಿಟ್ಟು ಉಪ್ಪನ್ನು ತಡೆಯುವಂತಿದ್ದರೆ, ಸಿಹಿನೀರು ತಾನಾಗಿಯೇ ಉಪ್ಪುನೀರಿನ ಕಡೆಗೆ ಹರಿಯುತ್ತದೆ. ಈ ಹರಿವನ್ನು ನಿಲ್ಲಿಸಲು ಉಪ್ಪುನೀರಿನ ಮೇಲೆ ಹೇರಬೇಕಾದ ಒತ್ತಡವೇ ಪರಾಸರಣ ಒತ್ತಡ. ಇದರ ನಿಯಮವನ್ನು ಕಂಡುಹಿಡಿದ ವಾಂಟ್ ಹಾಫ್ ಎಂಬ ಡಚ್ ವಿಜ್ಞಾನಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪಾರಿತೋಷಕ ದೊರೆಯಿತು. ಆ ನಿಯಮದಂತೆ ಗಣಿಸಿದರೆ ಸಮುದ್ರದ ನೀರಿನ ಪರಾಸರಣ ಒತ್ತಡ ಸುಮಾರು 25 ವಾಯುಭಾರ, ಎಂದರೆ ನಮ್ಮ ಮೇಲಿರುವ ವಾಯುಮಂಡಲದ ಒತ್ತಡದ 25ರಷ್ಟು. ಒಂದು ವಾಯುಭಾರವು 10.3 ಮೀಟರು ಎತ್ತರದ ನೀರಿನ ಕಂಬವನ್ನು ಹೊರಬಲ್ಲುದು. ಆದುದರಿಂದ 25 ವಾಯುಭಾರಕ್ಕೆ ಸಮವಾದ ನೀರಿನ ಕಂಬದ ಎತ್ತರ ಸುಮಾರು 258 ಮೀಟರು.

ಈ ಅಂಕಿ ಬಂದಾಗ ನಾವು ಲೇಖನಿಯನ್ನು ಕೆಳಗಿಟ್ಟೆವು. ಇದು ಹೆಚ್ಚುಕಡಮೆ ಜೋಗದ ಎತ್ತರವೇ ಅಲ್ಲವೆ? ಅಪ್ಪಟ ಸಮುದ್ರದ ನೀರಿನಲ್ಲಿ ನಿಂತ ಒಂದು ಕಾಂಡ್ಲದ ಗಿಡ, ಅದು ನಮ್ಮ ಎದೆಯೆತ್ತರದ್ದೇ ಆಗಿರಲಿ, ಸಿಹಿನೀರನ್ನು ಒಳಗೆಳೆದುಕೊಳ್ಳಬೇಕಾದರೆ ಜೋಗವನ್ನು ತಳದಿಂದ ತುದಿಗೆ ಏರಿಸುವಷ್ಟು ಬಲವಾಗಿ ಸೆಳೆಯಬೇಕು. ಶರಾವತಿಯ ಅಳಿವೆಯಲ್ಲಿ ಸಿಹಿನೀರು ಬೆರೆಯುವುದರಿಂದ ಅಲ್ಲಿಯ ಗಿಡಕ್ಕೆ ಇಷ್ಟು ಕಷ್ಟವಿಲ್ಲ. ನೀರಿನ ಉಪ್ಪು ಸಮುದ್ರದ ಅರ್ಧದಷ್ಟಿದ್ದರೆ ಸೆಳೆತವೂ ಅರ್ಧ. ಆದರೂ ಅದೇನು ಸಣ್ಣ ಸೆಳೆತವಲ್ಲ. ಜೋಗದ ಎದುರು ನಿಂತು ಬಾಯ್ದೆರೆದ ನಾವು, ಅಷ್ಟೇ ದೊಡ್ಡದೊಂದು ಕಾರ್ಯ ಸದ್ದಿಲ್ಲದೆ ನಡೆಯುವ ಬಗೆಯ ಗಿಡದ ಎದುರು ನಿಂತು ಮೂಗು ಮುಚ್ಚಿಕೊಂಡಿದ್ದೆವು.

ಈ ಸೆಳೆತ ಎಲ್ಲಿಂದ ಬರುತ್ತದೆ? ಹೀರುಪಂಪು ನೀರನ್ನು 10.3 ಮೀಟರಿಗಿಂತ ಮೇಲಕ್ಕೆ ಎತ್ತಲಾರದೆಂದು ಪ್ರೌಢಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ನೀರನ್ನು ಮೇಲಕ್ಕೆ ದೂಡುವುದು ಹೊರಗಿನ ಗಾಳಿಯ ಒತ್ತಡ. ಅದಕ್ಕೆ ಮಿತಿಯುಂಟು. ಗಿಡದ ಉಪಾಯ ಬೇರೆ. ಅದರ ಕಾಂಡದಲ್ಲಿ ಬೇರಿನಿಂದ ಎಲೆಯವರೆಗೆ ಕೂದಲಿಗಿಂತ ಸಣ್ಣ ನಾಳಗಳಲ್ಲಿ ನೀರು ಎಡೆಬಿಡದ ಎಳೆಯಂತೆ ನಿಂತಿದೆ. ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುವುದರಿಂದ ಆ ಎಳೆಯನ್ನು ಹಗ್ಗದಂತೆ ಜಗ್ಗಬಹುದು. ಈ ವಿವರಣೆಯನ್ನು 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಎಂಬ ಇಬ್ಬರು ಐರ್ಲೆಂಡಿನಲ್ಲಿ ಮುಂದಿಟ್ಟರು. ಜಗ್ಗುವ ಕೈ ಯಾವುದೆಂದರೆ ಒಣಗಾಳಿ. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 80ರಷ್ಟಿರುವಾಗಲೂ, ಕರಾವಳಿಯಲ್ಲಿ ಬೆವರು ಆರದೆ ನಾವು ಬೇಸರಪಡುವ ಅಂತಹ ಗಾಳಿ ಕೂಡ, ನೀರನ್ನು ಆವಿಯಾಗಿ ಎಳೆದುಕೊಳ್ಳುವ ಸೆಳೆತ ಸುಮಾರು 300 ವಾಯುಭಾರದಷ್ಟೆಂದು ಲೆಕ್ಕ ತೋರಿಸುತ್ತದೆ. ಎಲೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರು ಆವಿಯಾಗುತ್ತಿದ್ದಂತೆ ಎಳೆಯೆಲ್ಲ ಮೇಲಕ್ಕೆ ಜಗ್ಗಿ, ಬೇರು ಕೆಸರಿನ ನೀರನ್ನು ಒಳಗೆಳೆಯುತ್ತದೆ. ರೈಜೋಫೋರ ಎಂಬ ಕಾಂಡ್ಲದ ಬೇರು ಉಪ್ಪಿನ ಬಹುಪಾಲನ್ನು ಹೊರಗೇ ತಡೆದು ನಿಲ್ಲಿಸುತ್ತದೆ. ಅವಿಸೀನಿಯ ಎಂಬ ಇನ್ನೊಂದು ಜಾತಿ, ನುಸುಳಿ ಬಂದ ಉಪ್ಪನ್ನು ಎಲೆಯ ಮೇಲೆ ಬೆವರಿನಂತೆ ಹೊರಹಾಕುತ್ತದೆ.

ಇದು ಕೇವಲ ಊಹೆಯಲ್ಲ. 1965ರಲ್ಲಿ ಶೊಲಾಂಡರ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಇದನ್ನು ಅಳೆದು ತೋರಿಸಿದರು. ಉಪಾಯ ಸರಳವಾದುದು. ಒಂದು ಕುಡಿಯನ್ನು ಕತ್ತರಿಸಿದೊಡನೆ ಜಗ್ಗಿ ನಿಂತಿದ್ದ ನೀರಿನ ಎಳೆ ಕಡಿದು ಒಳಕ್ಕೆ ಸರಿದುಬಿಡುತ್ತದೆ. ಆ ಕುಡಿಯ ಎಲೆಗಳನ್ನು ಗಟ್ಟಿಯಾದ ಉಕ್ಕಿನ ಡಬ್ಬಿಯೊಳಗಿಟ್ಟು, ಕತ್ತರಿಸಿದ ತುದಿಯನ್ನು ಮಾತ್ರ ಹೊರಗೆ ಬಿಟ್ಟು, ಡಬ್ಬಿಗೆ ಅನಿಲವನ್ನು ತುಂಬುತ್ತ ಹೋದರೆ, ಒಂದು ಹಂತದಲ್ಲಿ ತುದಿಯಲ್ಲಿ ನೀರಿನ ಹನಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆಗ ಡಬ್ಬಿಯಲ್ಲಿರುವ ಒತ್ತಡವೆಷ್ಟೋ ಗಿಡದ ಸೆಳೆತವೂ ಅಷ್ಟೇ. ಸಮುದ್ರದಂಚಿನ ಕಾಂಡ್ಲಗಳಲ್ಲಿ ಅವರಿಗೆ ದೊರೆತುದು 30 ವಾಯುಭಾರಕ್ಕೂ ಮೀರಿದ ಸೆಳೆತ. ಸಮುದ್ರದ 25 ವಾಯುಭಾರವನ್ನು ಗೆಲ್ಲಲು ಅಷ್ಟು ಬೇಕೇ ಬೇಕಷ್ಟೆ? ಇಂದು ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಗಳಲ್ಲಿ 50 ವಾಯುಭಾರಕ್ಕೂ ಹೆಚ್ಚಿನ ಒತ್ತಡದಿಂದ ನೀರನ್ನು ಪೊರೆಯ ಮೂಲಕ ದೂಡುತ್ತಾರೆ. ಅದಕ್ಕೆ ವಿದ್ಯುತ್ತು ಬೇಕು, ಪಂಪು ಬೇಕು. ಕಾಂಡ್ಲಕ್ಕೆ ಬಿಸಿಲು ಮತ್ತು ಗಾಳಿ ಸಾಕು.

ಆ ವಿದ್ಯಾರ್ಥಿನಿಗೆ ಉತ್ತರವನ್ನು ಹೇಳುವ ಮೊದಲು ಇನ್ನೊಮ್ಮೆ ಅಲ್ಲಿಗೆ ಹೋಗಿಬರಬೇಕೆನಿಸಿ, 2023ರ ಫೆಬ್ರವರಿಯಲ್ಲಿ ನಾವೊಬ್ಬರೇ ಹೋದೆವು. ದಾರಿಯ ಬಾಯಲ್ಲಿ ಸಿಕ್ಕ ಊರಿನ ಹಿರಿಯರೊಬ್ಬರು, “ಉಬ್ಬರದಲ್ಲಿ ಬಂದರೆ ನೀರು ಕಾಣುತ್ತದೆ, ಇಳಿತದಲ್ಲಿ ಬಂದರೆ ಕಾಂಡ್ಲ ಕಾಣುತ್ತದೆ. ಒಂದು ತಾಸು ಕಾದು ಹೋಗಿ” ಎಂದರು. ಕಾದೆವು. ಅವರ ಮಾತು ಎಷ್ಟು ನಿಜವೆಂಬುದು ನೀರು ಸರಿದ ಮೇಲೆ ತಿಳಿಯಿತು.

ನೀರಿಳಿದ ಕೆಸರಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ನೆಲದಿಂದ ಮೇಲಕ್ಕೆ ಚಾಚಿದ ಸಾವಿರಾರು ಕಡ್ಡಿಗಳು. ಇವು ಅವಿಸೀನಿಯದ ಉಸಿರುಬೇರುಗಳು. ಬೇರು ಭೂಮಿಯೊಳಕ್ಕೆ ಇಳಿಯಬೇಕೆಂಬ ನಿಯಮವನ್ನು ಮೀರಿ ಇವು ಆಕಾಶದ ಕಡೆಗೆ ಬೆಳೆಯುವುದಕ್ಕೆ ಕಾರಣವುಂಟು. ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗಕ್ಕೆ ಹೋಲಿಸಿದರೆ ನೀರಿನಲ್ಲಿ ಅದು ಹರಡುವುದು ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ನೀರು ತುಂಬಿದ ಕೆಸರಿನೊಳಗೆ ಬೇರು ಉಸಿರುಗಟ್ಟಿ ಸಾಯಬೇಕಾಗಿತ್ತು. ಆದುದರಿಂದ ಗಿಡವು ಗಾಳಿಯಿರುವಲ್ಲಿಗೆ ಕೊಳವೆಗಳನ್ನು ಏರಿಸಿದೆ. ಮೇಲೆ ಹೇಳಿದ ಶೊಲಾಂಡರ್ ಅವರೇ 1955ರಲ್ಲಿ ಇದನ್ನು ಪರೀಕ್ಷಿಸಿದ್ದರು. ಬೇರಿನ ಮೇಲ್ಭಾಗದ ಉಸಿರುರಂಧ್ರಗಳನ್ನು ಜಿಡ್ಡಿನಿಂದ ಮುಚ್ಚಿದಾಗ ಕೆಸರಿನೊಳಗಿನ ಬೇರಿನಲ್ಲಿ ಆಮ್ಲಜನಕ ಕುಗ್ಗುತ್ತ ಹೋಯಿತು. ಇಷ್ಟು ಸರಳವಾದ ಪ್ರಯೋಗವನ್ನು ಹಳ್ಳಿಯ ಹುಡುಗನೂ ಯೋಚಿಸಬಹುದಾಗಿತ್ತೆಂದು ನಮಗೆ ಅನಿಸುತ್ತದೆ. ಆದರೆ ಯೋಚಿಸಲು ಮೊದಲು ನಿಂತು ನೋಡಬೇಕು.

ನಮ್ಮ ವಿದ್ಯಾರ್ಥಿಗಳ ಮೂಗನ್ನು ಮುಚ್ಚಿಸಿದ ಆ ನಾತಕ್ಕೂ ಇದೇ ಕಾರಣ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕುವ ಸೂಕ್ಷ್ಮಜೀವಿಗಳು ಸಮುದ್ರದ ನೀರಿನಲ್ಲಿರುವ ಸಲ್ಫೇಟನ್ನು ಬಳಸಿಕೊಂಡು ಎಲೆಗಸವನ್ನು ಕೊಳೆಯಿಸುತ್ತವೆ. ಆಗ ಹುಟ್ಟುವ ಹೈಡ್ರೊಜನ್ ಸಲ್ಫೈಡಿನ ವಾಸನೆ ಕೊಳೆತ ಮೊಟ್ಟೆಯದು. ಅದು ಕಬ್ಬಿಣದೊಡನೆ ಕೂಡಿದಾಗ ಕೆಸರು ಕಪ್ಪಾಗುತ್ತದೆ. ಸಿಹಿನೀರಿನ ಜೌಗಿನಲ್ಲಾದರೆ ಸಲ್ಫೇಟು ಕಡಮೆಯಾದುದರಿಂದ ಅಲ್ಲಿ ಹೆಚ್ಚಾಗಿ ಮೀಥೇನ್ ಹುಟ್ಟುತ್ತದೆ. 1776ರ ನವೆಂಬರಿನಲ್ಲಿ ಇಟಲಿಯ ಮಜೋರೆ ಸರೋವರದ ಅಂಚಿನ ಜೌಗಿನಲ್ಲಿ ಕೋಲಿನಿಂದ ಕೆಸರನ್ನು ಕದಡಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಅದು ಹೊತ್ತಿ ಉರಿಯುವ ಅನಿಲವೆಂದು ತೋರಿಸಿದವರು ಬೇರೆ ಯಾರೂ ಅಲ್ಲ, ವಿದ್ಯುತ್ಕೋಶವನ್ನು ನಿರ್ಮಿಸಿ ಪ್ರಖ್ಯಾತರಾದ ಅಲೆಸಾಂಡ್ರೊ ವೋಲ್ಟಾ. ಭೌತಶಾಸ್ತ್ರದಲ್ಲಿ ಪ್ರತಿದಿನವೂ ನಾವು ಉಚ್ಚರಿಸುವ ವೋಲ್ಟ್ ಎಂಬ ಮಾನ ಅವರ ಹೆಸರಿನಿಂದ ಬಂದುದು. ವೋಲ್ಟಾ ಕೆಸರಿಗೆ ಮೂಗು ಮುಚ್ಚಿಕೊಳ್ಳಲಿಲ್ಲ.

ಹಲಗೆಯ ದಾರಿಯೇ ಒಂದು ಪಾಠ. 60 ಕಿಲೋಗ್ರಾಂ ತೂಕದ ಮನುಷ್ಯ ಒಂದು ಕಾಲಿನ ಮೇಲೆ ನಿಂತಾಗ, ಅಂಗಾಲಿನ ವಿಸ್ತೀರ್ಣ 150 ಚದರ ಸೆಂಟಿಮೀಟರು ಎಂದಿಟ್ಟುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೂ 400 ಗ್ರಾಂ ಭಾರ ಬೀಳುತ್ತದೆ. ಮೆತ್ತನೆಯ ಕೆಸರು ಅದನ್ನು ತಾಳದೆ ಮೊಳಕಾಲಿನವರೆಗೆ ಒಳಗೆಳೆದುಕೊಳ್ಳುತ್ತದೆ. ಹಲಗೆಗಳೂ ಕಂಬಗಳೂ ನಮ್ಮ ಭಾರವನ್ನು ಹೊತ್ತು ಹಂಚುತ್ತವೆ. ರೈಜೋಫೋರ ಮಾಡಿರುವುದೂ ಅದನ್ನೇ. ಅದರ ಕಾಂಡದಿಂದ ಬಿಲ್ಲಿನಂತೆ ಬಾಗಿ ಸುತ್ತಲೂ ಊರಿದ ಬೇರುಗಳು ಮರದ ಭಾರವನ್ನು ಅಗಲವಾದ ಜಾಗಕ್ಕೆ ಹಂಚಿ, ಗಾಳಿಗೂ ನೀರಿಗೂ ಮರ ಉರುಳದಂತೆ ಹಿಡಿದಿವೆ. ಬೇರುಗಳ ನಡುವೆ ಏಡಿಗಳು ತೋಡಿದ ಬಿಲಗಳ ಮೂಲಕ ಗಾಳಿ ಕೆಸರಿನೊಳಕ್ಕೆ ಹೋಗುತ್ತದೆ. ನಾವು ಹಲಗೆಯನ್ನು ಬಿಟ್ಟು ಕೆಳಗಿಳಿದರೆ ಮುಚ್ಚಿಹೋಗುವುದು ಆ ಬಿಲ, ಮುರಿಯುವುದು ಆ ಉಸಿರುಬೇರು. ಆದುದರಿಂದ ಹಲಗೆ ಇರುವುದು ನಮ್ಮ ಪಾದರಕ್ಷೆಯ ಹಿತಕ್ಕೆ ಮಾತ್ರವಲ್ಲ, ಕೆಸರಿನ ಹಿತಕ್ಕೂ ಅಹುದು.

ಕೊಂಬೆಗಳಲ್ಲಿ ಹಸಿರು ಬಳಪದ ಕಡ್ಡಿಗಳಂತೆ ಉದ್ದುದ್ದವಾಗಿ ಜೋತಾಡುವುವು ರೈಜೋಫೋರದ ಸಸಿಗಳು. ಇದರ ಬೀಜ ತಾಯಿಮರದ ಮೇಲಿರುವಾಗಲೇ ಮೊಳೆಯುತ್ತದೆ. ಕಳಚಿ ನೀರಿಗೆ ಬಿದ್ದ ಸಸಿ ಮೊದಲು ಅಡ್ಡಲಾಗಿ ತೇಲುತ್ತದೆ. ದಿನಗಳೆದಂತೆ ನೀರು ಹೀರಿ ಬುಡದ ಭಾಗ ಭಾರವಾದಾಗ ನೆಟ್ಟಗೆ ನಿಂತು ತೇಲುತ್ತದೆ. ಆಗ ಇಳಿತದಲ್ಲಿ ಬುಡ ಕೆಸರನ್ನು ಮುಟ್ಟಿದರೆ ಅಲ್ಲಿಯೇ ಬೇರೂರುತ್ತದೆ. ಆರ್ಕಿಮಿಡೀಸನ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಪಠ್ಯಪುಸ್ತಕದಲ್ಲಿ ಕಂಡಿಲ್ಲ.

ಇಷ್ಟನ್ನು ಹೇಳಿದ ಮೇಲೆ ಕೆಲವು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು.

ಇಷ್ಟು ಚಿಕ್ಕ, ಇಷ್ಟು ಸುಲಭವಾದ ನಡಿಗೆ ತರುಣರಿಗೆ ತಕ್ಕುದೆ, ಅವರು ಕುದುರೆಮುಖವನ್ನೋ ಕುಮಾರಪರ್ವತವನ್ನೋ ಏರಬೇಡವೆ ಎಂದು ಕೇಳುವವರುಂಟು. ಏರಲಿ, ಸಂತೋಷ. ಆದರೆ ಏದುಸಿರು ಬಿಡುತ್ತ ಬೆಟ್ಟ ಹತ್ತುವವನ ಕಣ್ಣು ತನ್ನ ಕಾಲಿನ ಮೇಲೆಯೇ ಇರುತ್ತದೆ. ಸುಲಭವಾದ ದಾರಿಯಲ್ಲಿ ಕಾಲಿಗೆ ಕೆಲಸವಿಲ್ಲವಾದುದರಿಂದ ಕಣ್ಣಿಗೆ ಬಿಡುವು ದೊರೆಯುತ್ತದೆ. ಜೊತೆಗೆ ಬೆಟ್ಟ ಹತ್ತಲಾರದ ವಿದ್ಯಾರ್ಥಿ ಪ್ರತಿ ತರಗತಿಯಲ್ಲಿಯೂ ಒಬ್ಬರಿಬ್ಬರು ಇದ್ದೇ ಇರುತ್ತಾರೆ. ಪ್ರತಿ ಪ್ರವಾಸದಲ್ಲಿಯೂ ಅವರು ಬಸ್ಸಿನಲ್ಲಿ ಕುಳಿತು ಉಳಿದವರ ಚೀಲ ಕಾಯುತ್ತಾರೆ. ಹಲಗೆಯ ದಾರಿಯಲ್ಲಿ ಅವರೂ ಎಲ್ಲರೊಡನೆ ನಡೆಯಬಲ್ಲರು. ನಮಗೆ ಈ ಕಾರಣವೊಂದೇ ಸಾಕು.

ಇನ್ನೊಂದು ಆಕ್ಷೇಪಣೆ ಗಟ್ಟಿಯಾದುದು. ಕಾಂಡ್ಲದ ನಡುವೆ ದಾರಿ ಮಾಡಿ ಜನರನ್ನು ಕರೆಯುವುದರಿಂದಲೇ ಅದು ಕೆಡುವುದಿಲ್ಲವೆ? ನಾವು ಹೋದ ಎರಡು ಬಾರಿಯೂ ಉಸಿರುಬೇರುಗಳಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಸೀಸೆಗಳನ್ನೂ ತಿಂಡಿಯ ಪೊಟ್ಟಣಗಳನ್ನೂ ಕಂಡೆವು. ಕೆಲವು ನದಿಯಲ್ಲಿ ತೇಲಿ ಬಂದವು, ಕೆಲವು ನಮ್ಮಂತಹವರೇ ಎಸೆದವು. ಈ ದೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಣದ ವಸ್ತುವಿನ ಮೇಲೆ ಮಮತೆ ಹುಟ್ಟುವುದು ಕಷ್ಟ. ಜೌಗು ಎಂದರೆ ಹಾಳುಭೂಮಿ, ಮಣ್ಣು ತುಂಬಿ ಮಟ್ಟ ಮಾಡಿದರೆ ನಿವೇಶನ, ಹಾಗೆಯೇ ಬಿಟ್ಟರೆ ಕಸ ಸುರಿಯುವ ಗುಂಡಿ ಎಂಬ ಭಾವನೆ ನಮ್ಮ ಊರೂರಿನಲ್ಲಿಯೂ ಇದೆ. ಅದನ್ನು ನಿರ್ಮೂಲ ಮಾಡಲು ಉಪನ್ಯಾಸಕ್ಕಿಂತ ಒಂದು ಗಂಟೆಯ ನಡಿಗೆ ಹೆಚ್ಚು ಸಮರ್ಥವೆಂದು ನಾವು ನಂಬಿದ್ದೇವೆ.

ಕೆಡಿಸಲು ನಮ್ಮಲ್ಲಿ ಹೆಚ್ಚೇನೂ ಉಳಿದಿಲ್ಲವೆಂಬುದನ್ನೂ ನೆನೆಯಬೇಕು. 2021ರ ಭಾರತದ ಅರಣ್ಯ ಸ್ಥಿತಿ ವರದಿಯಂತೆ ದೇಶದಲ್ಲಿ ಇದ್ದ ಕಾಂಡ್ಲ ಕಾಡು 4,992 ಚದರ ಕಿಲೋಮೀಟರು. ಅದರಲ್ಲಿ ಕರ್ನಾಟಕದ ಪಾಲು ಕೇವಲ 13. ಈ ಕಾಡಿನ ಬೆಲೆಯನ್ನು ಒಡಿಶಾದವರು ಬಲ್ಲರು. 1999ರ ಅಕ್ಟೋಬರಿನಲ್ಲಿ ಅಲ್ಲಿ ಮಹಾ ಚಂಡಮಾರುತ ಬಡಿದಾಗ, ಸಮುದ್ರಕ್ಕೂ ಊರಿಗೂ ನಡುವೆ ಕಾಂಡ್ಲದ ಪಟ್ಟಿ ಅಗಲವಾಗಿ ಉಳಿದಿದ್ದ ಹಳ್ಳಿಗಳಲ್ಲಿ ಸಾವು ಕಡಮೆಯಾಗಿತ್ತೆಂದು 2009ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ದಟ್ಟವಾದ ಬೇರು ಕಾಂಡಗಳ ನಡುವೆ ನುಗ್ಗುವ ನೀರು ಘರ್ಷಣೆಯಿಂದ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗೆ ಆಶ್ಚರ್ಯವಾಗಬೇಕಾದುದಿಲ್ಲ.

ಈಗ ಆ ವಿದ್ಯಾರ್ಥಿನಿಯ ಮಾತಿಗೆ ಹಿಂದಿರುಗೋಣ. ಮಾರ್ಚಿಯಲ್ಲಿ ನಾವು ಆಕೆಯನ್ನು ಕರೆದು, ಅಂದು ಉತ್ತರ ಹೇಳದೆ ಹೋದುದು ನಮ್ಮ ತಪ್ಪೆಂದು ಒಪ್ಪಿಕೊಂಡು, ಮೇಲಿನ ಲೆಕ್ಕವನ್ನೆಲ್ಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆವು. ಆಕೆ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಸಾರ್, ನೀರು ಸಿಹಿಯಾದಷ್ಟೂ ಆ ಮರಕ್ಕೆ ಸುಖವೆ?” ಎಂದಳು.

ಈ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ದೊಡ್ಡದು. ಸಿಹಿನೀರಿನಲ್ಲಿ ಕಾಂಡ್ಲಕ್ಕೆ ನೀರೆಳೆಯುವ ಶ್ರಮ ಕಡಮೆ, ನಿಜ. ಆದರೆ ಅಲ್ಲಿ ಬೇರೆ ಗಿಡಗಳೂ ಸುಖವಾಗಿ ಬೆಳೆದು ಅದನ್ನು ಮೂಲೆಗೊತ್ತುತ್ತವೆ. ಉಪ್ಪೇ ಅದರ ಬೇಲಿ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ಣವಾಯಿತು. ಅಂದಿನಿಂದ ಮಳೆಗಾಲದ ನೀರು ಅಲ್ಲಿ ನಿಂತು, ವಿದ್ಯುದಾಗಾರಗಳ ಮೂಲಕ ವರ್ಷವಿಡೀ ಕೆಳಗಿಳಿದು ಅಳಿವೆಯನ್ನು ಸೇರುತ್ತಿದೆ. ಬೇಸಗೆಯಲ್ಲಿ ಅಳಿವೆ ಹಿಂದಿನಂತೆ ಉಪ್ಪಾಗುವುದಿಲ್ಲ. ಕೆಲವೇ ಮೈಲಿ ಉತ್ತರಕ್ಕೆ, ದೊಡ್ಡ ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಬೇಸಗೆಯ ಉಪ್ಪು ಇನ್ನೂ ಏರುತ್ತದೆ, ಚಿಪ್ಪಿನ ಪ್ರಾಣಿಗಳು ಸಮೃದ್ಧವಾಗಿವೆ, ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ರೈತರು ಬೆಳೆಯುತ್ತಾರೆ. 2024ರ ಜನವರಿಯಲ್ಲಿ ಆ ಅಳಿವೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಶರಾವತಿಯ ವಿದ್ಯುತ್ತಿನಿಂದಲೇ ಈ ನಾಡಿನ ದೀಪಗಳು ಉರಿದಿವೆ. ಅದನ್ನು ಬೇಡವೆನ್ನುವ ಕೃತಘ್ನತೆ ನಮ್ಮದಲ್ಲ. ನಾವು ಹೇಳುವುದಿಷ್ಟೆ: ಜೋಗದ ನೀರು ಎಷ್ಟು ಎತ್ತರದಿಂದ ಬೀಳುತ್ತದೆ, ಎಷ್ಟು ಶಕ್ತಿ ಕೊಡುತ್ತದೆ ಎಂದು ಕಲಿಸಿದ ನಾವು, ಬಿದ್ದ ನೀರು ಮುಂದೆಲ್ಲಿಗೆ ಹೋಗುತ್ತದೆ, ಅಲ್ಲೇನು ಮಾಡುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಕೇಳಿಸಿದವಳು ಹಲಗೆಯ ಅಂಚಿನಲ್ಲಿ ನಿಂತ ಹುಡುಗಿ.

ಆದುದರಿಂದ ವಿದ್ಯಾರ್ಥಿ ಮಿತ್ರರಲ್ಲಿ ನಮ್ಮ ಸೂಚನೆ ಹೀಗಿದೆ. ಜೋಗಕ್ಕೆ ಹೋದವರು ಹೊನ್ನಾವರದಲ್ಲಿ ಅರ್ಧ ದಿನ ನಿಲ್ಲಿರಿ. ಒಂದು ಬಾರಿಗೆ ಹತ್ತು ಹನ್ನೆರಡು ಮಂದಿಗಿಂತ ಹೆಚ್ಚಾಗದಿರಲಿ. ಇಳಿತದಲ್ಲಿ ಒಮ್ಮೆ, ಉಬ್ಬರದಲ್ಲಿ ಒಮ್ಮೆ, ಹೀಗೆ ಎರಡು ಸಲ ನಡೆಯಿರಿ. ಇಂದು ನೀರು ಇಳಿದ ಗಂಟೆಯನ್ನು ಬರೆದುಕೊಂಡರೆ ನಾಳೆ ಸುಮಾರು 50 ನಿಮಿಷ ತಡವಾಗಿ ಇಳಿಯುವುದನ್ನು ಕಾಣುವಿರಿ. ಚಂದ್ರನ ಚಲನೆಯನ್ನು ಗಡಿಯಾರವೊಂದರಿಂದಲೇ ಅಳೆದಂತಾಯಿತು. ಹೀರುಗೊಳವೆಯ ತುದಿಗೆ ಜೇಡಿಮಣ್ಣು ಮೆತ್ತಿ ಸಾಂದ್ರತಾಮಾಪಕವನ್ನು ನೀವೇ ಮಾಡಿಕೊಳ್ಳಿರಿ. ಸಮುದ್ರತೀರದ ನೀರಿನಲ್ಲಿಯೂ ಸಿಹಿನೀರಿನಲ್ಲಿಯೂ ಗುರುತು ಹಾಕಿಕೊಂಡು, ಅಳಿವೆಯ ನೀರಿನಲ್ಲಿ ಅದು ಎಲ್ಲಿ ನಿಲ್ಲುತ್ತದೆಂದು ನೋಡಿರಿ. ಹಲಗೆಯಿಂದ ಕೆಳಗಿಳಿಯಬೇಡಿ, ಸಸಿಯನ್ನು ಕೀಳಬೇಡಿ, ತಂದ ಪೊಟ್ಟಣವನ್ನು ಮರಳಿ ಒಯ್ಯಿರಿ.

ಅಧ್ಯಾಪಕ ಬಂಧುಗಳಲ್ಲಿ ಒಂದೇ ಮಾತು. ಹಲಗೆಯ ಮೇಲೆ ಯಾರಾದರೂ ನಿಂತು ಕೆಳಗೆ ನೋಡುತ್ತಿದ್ದರೆ, ಬಸ್ಸಿನವನಿಗೆ ಇನ್ನರ್ಧ ಗಂಟೆ ಕಾಯಲು ಹೇಳಿರಿ. ಉತ್ತರ ತಿಳಿದಿದ್ದರೆ ಹೇಳಿರಿ, ತಿಳಿಯದಿದ್ದರೆ ತಿಳಿಯದೆಂದು ಹೇಳಿ ಆ ವಿದ್ಯಾರ್ಥಿಯ ಪಕ್ಕದಲ್ಲಿ ನಿಂತು ನೀವೂ ನೋಡಿರಿ. ನಮ್ಮ ಕಾಲೇಜಿನ ಮುಂದಿನ ಪ್ರವಾಸದ ಪಟ್ಟಿಯಲ್ಲಿ ಹೊನ್ನಾವರಕ್ಕೆ ಅರ್ಧ ದಿನವನ್ನು ನಾವು ಈಗಾಗಲೇ ಬರೆದಿಟ್ಟಿದ್ದೇವೆ.